ಶಿಲುಬೆಯ ಮಾತು, ಲೋಕದ ಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲಿನಲ್ಲಿ, ಯೇಸುವಿನ ಸುದ್ದಿ ಸಾರಿದ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆ, ಒಂದನೇ ಅಧ್ಯಾಯ, 18ರಿಂದ 31ನೇ ವಚನ. ಶಿಲುಬೆಯ ಮಾತು ನಾಶವಾಗೋರಿಗೆ ಹುಚ್ಚು, ರಕ್ಷಣೆ ಹೊಂದೋ ನಮಗೆ ದೇವರ ಬಲ, ಯೆಹೂದ್ಯರಿಗೆ ಅದು ಎಡವುವ ಕಲ್ಲು, ದೇವರು ಲೋಕದ ಜ್ಞಾನವನ್ನ ಹುಚ್ಚಾಗಿ ಮಾಡಿದ ಅಂತ ಅಲ್ಲಿ ಪೌಲ ಹೇಳ್ತಾನೆ. ನಮ್ಮ ಬೈಬಲ್ ಸ್ಟಡಿಯಲ್ಲಿ ಈ ಭಾಗ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಏಳುತ್ವೆ, ಮನೆಗೆ ಹೋದ್ಮೇಲೆ ವಾಟ್ಸಾಪಲ್ಲಿ ಮತ್ತೆ ಬರುತ್ವೆ, ಕ್ರೈಸ್ತರಲ್ಲದ ಫ್ರೆಂಡ್ಸ್ ಕೂಡ ಕೇಳ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಕೆಲವು ಉತ್ತರ ಉದ್ದ ಆಗಿದೆ, ಓದ್ಕೊಳ್ಳಿ.

'ಶಿಲುಬೆಯ ಮಾತು' ಅಂದ್ರೆ ನಿಜವಾಗ್ಲೂ ಏನು?

ನಜರೇತಿನ ಯೇಸು, ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಾಲದಲ್ಲಿ, ಯೆರೂಸಲೇಮ್ ಊರಾಚೆ ಒಂದು ಶಿಲುಬೆ ಮೇಲೆ ಸತ್ತ. ಆ ಸಾವು ನಮ್ಮ ಪಾಪಗಳಿಗೋಸ್ಕರ, ಮೂರನೇ ದಿನ ದೇವರು ಆತನನ್ನ ಎಬ್ಬಿಸಿದ. ಪೌಲ ಊರೂರು ತಿರುಗಿ ಹೇಳಿದ್ದು ಇಷ್ಟೇ. ಆದ್ರೆ ಇದರೊಳಗೆ ಇನ್ನೊಂದು ಮಾತು ಅಡಗಿದೆ, ಅದೇ ಜೀರ್ಣ ಆಗೋದು ಕಷ್ಟ: ದೇವರು ಎಂಥವನು ಅಂತ ತಿಳ್ಕೋಬೇಕಂದ್ರೆ ಆಕಾಶ, ಅರಮನೆ, ಸಿಂಹಾಸನ ಅಂತೆಲ್ಲ ನೋಡೋ ಮುಂಚೆ ಆ ಮರದ ಮೇಲಿರೋ ಮನುಷ್ಯನನ್ನ ನೋಡು ಅನ್ನೋದು.

ಅಂದಹಾಗೆ ನಮ್ಮ 'ಶಿಲುಬೆ' ಅನ್ನೋ ಪದ ಸಿರಿಯಾಕ್ ಭಾಷೆಯ 'ಸ್ಲೀಬಾ'ಗೆ ನಂಟಿರೋದು, ತಮಿಳಿನ 'ಸಿಲುವೈ' ಕೂಡ ಅದೇ ಬಳಗ. ಯೇಸು ಆಡ್ತಿದ್ದ ಅರಮಾಯಿಕ್‌ಗೆ ಸಿರಿಯಾಕ್ ತೀರಾ ಹತ್ತಿರದ ಭಾಷೆ. ಕನ್ನಡದಲ್ಲಿ ಪ್ರಾರ್ಥನೆ ಮಾಡುವಾಗ ಆ ಪದ ಬಾಯಿಗೆ ಬಂದ್ರೆ ನಂಗೆ ಇದು ನೆನಪಾಗುತ್ತೆ.

ಪೌಲ ಈ ಮಾತನ್ನ ಯಾಕೆ ಬರೆದ? ಯಾರ ಜೊತೆ ಜಗಳ?

ಇದು ಗೊತ್ತಾಗದೆ ಹೋದ್ರೆ ಇಡೀ ಭಾಗ ಗಾಳಿಯಲ್ಲಿ ತೇಲುತ್ತೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಕೊರಿಂಥ ಹಳೇ ಗ್ರೀಕ್ ಊರು. ಕ್ರಿ.ಪೂ. 146ರಲ್ಲಿ ರೋಮನ್ ಸೇನಾಪತಿ ಮುಮ್ಮಿಯಸ್ ಅದನ್ನ ಹಾಳು ಮಾಡಿ ಹಾಕಿದ. ಆಮೇಲೆ ನೂರು ವರ್ಷ ಸುಮಾರು ಅದು ಪಾಳು ಬಿದ್ದಿತ್ತು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನ ರೋಮನ್ ವಸಾಹತು ಮಾಡಿ ಮತ್ತೆ ಕಟ್ಟಿಸೋಕೆ ಹೊರಟ, ಅಲ್ಲಿಗೆ ಬಂದು ನೆಲೆಸಿದವರಲ್ಲಿ ತುಂಬಾ ಜನ ಬಿಡುಗಡೆ ಆದ ಗುಲಾಮರು. ಪಶ್ಚಿಮಕ್ಕೊಂದು ಬಂದರು, ಲೆಖಾಯೊನ್, ಪೂರ್ವಕ್ಕೊಂದು ಬಂದರು, ಕೆಂಖ್ರೆಯ. ಎರಡು ಸಮುದ್ರದ ನಡುವಿನ ಸಣ್ಣ ನೆಲದ ಪಟ್ಟಿ, ಅದರ ಮೇಲೆ ಸಾಮಾನು ಎಳ್ಕೊಂಡು ಹೋಗೋಕೆ ಕಲ್ಲು ಹಾಸಿದ ದಾರಿ ಬೇರೆ. ದುಡ್ಡು ಬರೋ ಜಾಗ. ಹಳೇ ಮನೆತನ, ವಂಶದ ಹೆಸರು ಅಂತ ಯಾರಿಗೂ ಅಷ್ಟಾಗಿ ಇಲ್ಲದ ಊರು, ಹಾಗಾಗಿ ಎಲ್ಲರೂ ಹೆಸರು 'ಮಾಡ್ಕೊಳ್ಳೋಕೆ' ಓಡ್ತಿದ್ರು.

ಇದಕ್ಕೆ ಕಲ್ಲಲ್ಲೇ ಸಾಕ್ಷಿ ಇದೆ. ಆ ಊರಿನ ಚೌಕದಲ್ಲಿ ಬ್ಯಾಬಿಯಸ್ ಫಿಲೈನಸ್ ಅನ್ನೋನು ಒಂದು ಚೆಂದದ ದುಂಡನೆ ಮಂಟಪ ಕಟ್ಟಿಸಿದಾನೆ. ಅದರ ಮೇಲಿನ ಬರಹದ ತಾತ್ಪರ್ಯ, 'ಇದನ್ನ ನಾನೇ ನನ್ನ ಸ್ವಂತ ಖರ್ಚಲ್ಲಿ ಕಟ್ಟಿಸಿದೆ, ಅಧಿಕಾರಿಯಾಗಿ ನಾನೇ ಅದಕ್ಕೆ ಒಪ್ಪಿಗೆ ಕೊಟ್ಟೆ.' ಅಪ್ಪನ ಹೆಸರು ಹಾಕಿಲ್ಲ, ಅದಕ್ಕೆ ಅವನೂ ಗುಲಾಮಗಿರಿಯಿಂದ ಮೇಲೆ ಬಂದವನೇ ಇರಬೇಕು ಅಂತ ಹೇಳ್ತಾರೆ. ಅವನ ಮೇಲೆ ನಂಗೆ ಕೋಪ ಬರಲ್ಲ, ಪಾಪ ಅನ್ಸುತ್ತೆ. ಹುಟ್ಟಿದಾಗ ಯಾರೂ ಲೆಕ್ಕಕ್ಕೆ ತಗೊಳ್ಳದ ಮನುಷ್ಯ, ಕಲ್ಲಲ್ಲಿ ಹೆಸರು ಕೆತ್ತಿಸಿ ನಾನೂ ಇದೀನಿ ಅಂತ ಹೇಳ್ತಿದಾನೆ.

ಇಂಥ ಊರಿಗೆ ಪೌಲ ಬಂದ. ಡೇರೆ ಹೊಲಿಯೋ ಕೆಲಸ. ರೋಮ್‌ನಿಂದ ಹೊರಹಾಕಿಸ್ಕೊಂಡು ಬಂದಿದ್ದ ಅಕ್ವಿಲ ಪ್ರಿಸ್ಕಿಲ್ಲ ಅನ್ನೋ ಗಂಡ ಹೆಂಡತಿ ಜೊತೆ ಸೇರಿ ಅದೇ ಕೆಲಸ ಮಾಡ್ಕೊಂಡು ಒಂದೂವರೆ ವರ್ಷ ಅಲ್ಲಿದ್ದ. ಅದು ಗಲ್ಲಿಯೋ ಅನ್ನೋನು ಕೊರಿಂಥ ಸೇರಿದ್ದ ಅಖಾಯ ಪ್ರಾಂತ್ಯದ ಅಧಿಪತಿಯಾಗಿದ್ದ ಸಮಯ, ಡೆಲ್ಫಿಯಲ್ಲಿ ಸಿಕ್ಕಿರೋ ಶಾಸನದಿಂದ ಅದು ಸುಮಾರು ಕ್ರಿ.ಶ. 51 ಅಂತ ಗೊತ್ತಾಗುತ್ತೆ. ಆಮೇಲೆ ಪೌಲ ಎಫೆಸದಲ್ಲಿದ್ದಾಗ, ಖ್ಲೋಯೆ ಅನ್ನೋ ಹೆಂಗಸಿನ ಮನೆಯವರು ಬಂದು ಸುದ್ದಿ ಹೇಳಿದ್ರು: ನಿಮ್ಮ ಸಭೆ, ಅಂದ್ರೆ ಕೊರಿಂಥದ ಚರ್ಚ್, ಒಡೆದು ಹೋಗಿದೆ, ಒಬ್ಬ ನಾನು ಪೌಲನವನು ಅಂತಾನೆ, ಇನ್ನೊಬ್ಬ ಅಪೊಲ್ಲೋಸ ಅನ್ನೋ ಬೋಧಕನವನು ಅಂತಾನೆ, ಮತ್ತೊಬ್ಬ ಕೇಫನವನು, ಅಂದ್ರೆ ಪೇತ್ರನವನು.

ಅಂದ್ರೆ ಬ್ಯಾಬಿಯಸ್ ಮಂಟಪ ಸಭೆಯೊಳಗೇ ಎದ್ದು ನಿಂತಿತ್ತು. ಯಾವ ಬೋಧಕನ ಹೆಸರು ಹೇಳ್ಕೊಂಡ್ರೆ ನಂಗೆ ಜಾಸ್ತಿ ಮರ್ಯಾದೆ ಸಿಗುತ್ತೆ ಅನ್ನೋ ಲೆಕ್ಕಾಚಾರ. ಈ ಗುಂಪುಗಾರಿಕೆಗೆ ಮದ್ದಾಗಿ ಪೌಲ ಶಿಲುಬೆಯನ್ನ ಎತ್ತಿ ಹಿಡೀತಾನೆ. ನೀವು ಯಾರ ಹೆಸರಲ್ಲಿ ಮೇಲೆ ಹತ್ತೋಕೆ ನೋಡ್ತಿದ್ದೀರೋ ಆತ ಎಲ್ಲಿಗೆ ಇಳಿದ ಅಂತ ಒಂದ್ಸಲ ನೋಡ್ರಪ್ಪ ಅಂತ. ಈ ಪತ್ರ ಬರೆದಿದ್ದು ಹೊರಗಿನ ನಾಸ್ತಿಕರಿಗೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಇದು ಸಭೆಯೊಳಗಿನವರಿಗೆ, ನಮಗೇ ಬರೆದಿದ್ದು.

'ಲೋಕದ ಜ್ಞಾನ' ಅಂದ್ರೆ ಸೈನ್ಸು, ಕಾಲೇಜು, ಓದು ಇವೆಲ್ಲಾನಾ? ಹಾಗಾದ್ರೆ ಓದಬಾರದಾ?

ಇಲ್ಲ. ಇದನ್ನ ಎಷ್ಟು ಜೋರಾಗಿ ಹೇಳಿದ್ರೂ ಸಾಲಲ್ಲ.

ಪೌಲನೇ ಓದಿದವನು. ಗಮಲಿಯೇಲ ಅನ್ನೋ ಯೆಹೂದ್ಯ ಗುರುವಿನ ಹತ್ರ ಧರ್ಮಶಾಸ್ತ್ರ ಕಲ್ತವನು, ಗ್ರೀಕ್ ಕವಿಗಳ ಸಾಲು ಬಾಯಿಗೆ ಬರ್ತಿತ್ತು. ಇದೇ ಪತ್ರದ 15ನೇ ಅಧ್ಯಾಯದಲ್ಲಿ ಕೆಟ್ಟ ಸಹವಾಸ ಒಳ್ಳೆ ನಡತೆ ಕೆಡಿಸುತ್ತೆ ಅಂತ ಹೇಳ್ತಾನಲ್ಲ, ಅದು ಮೆನಾಂಡರ್ ಅನ್ನೋ ಗ್ರೀಕ್ ನಾಟಕಕಾರನದ್ದು ಅಂತ ಹೇಳಲಾಗೋ ಮಾತು. 14ನೇ ಅಧ್ಯಾಯದಲ್ಲಿ ಬುದ್ಧಿಯ ವಿಷಯದಲ್ಲಿ ಮಕ್ಕಳಾಗಿರಬೇಡಿ, ದೊಡ್ಡವರಾಗಿ ಅಂತಾನೆ. ಅವನ ಜೊತೆಗಾರ ಲೂಕ ಒಬ್ಬ ವೈದ್ಯ.

ನಮಗೆ ಗೊತ್ತಿರೋ ಒಬ್ರು, ವಯಸ್ಸಾದವರು, 'ಇದೆಲ್ಲ ಲೋಕದ ಜ್ಞಾನ' ಅಂತ ಯಾರೋ ಹೇಳಿದ್ದು ಕೇಳಿ ಶುಗರ್ ಮಾತ್ರೆ ನಿಲ್ಲಿಸಿಬಿಟ್ಟಿದ್ರು. ಕಾಲಲ್ಲಿ ಸಣ್ಣ ಗಾಯ, ಚಪ್ಪಲಿ ಕಚ್ಚಿದ್ದಷ್ಟೇ, ಅದು ಮಾಯಲೇ ಇಲ್ಲ. ಕೊನೆಗೆ ಎರಡು ಬೆರಳು ತೆಗೀಬೇಕಾಯ್ತು. ಬ್ಯಾಂಡೇಜ್ ಹಾಕಿದ ಆ ಕಾಲನ್ನ ಸ್ಟೂಲ್ ಮೇಲಿಟ್ಕೊಂಡು ಅವರು ನನ್ನ ಕೇಳಿದ್ದು, 'ನನ್ನ ನಂಬಿಕೆ ಕಮ್ಮಿ ಇತ್ತಾ?' ಅಂತ. ಆವತ್ತಿಂದ ಈ ವಚನವನ್ನ ಹೀಗೆ ಬಳಸೋದು ಕಂಡ್ರೆ ನಂಗೆ ಸುಮ್ನಿರಕ್ಕಾಗಲ್ಲ. ಮಾತ್ರೆ ತಗೊಳ್ಳಿ. ಡಾಕ್ಟರಿಗೆ ತೋರಿಸಿ. ಮಕ್ಕಳನ್ನ ಓದಿಸಿ, ಹೆಣ್ಮಕ್ಕಳನ್ನೂ ಓದಿಸಿ.

ಹಾಗಾದ್ರೆ ಪೌಲ ಹೇಳ್ತಿರೋದು ಏನನ್ನ? 20ನೇ ವಚನದಲ್ಲಿ ಮೂರು ಜನರನ್ನ ಕರೀತಾನೆ: ಜ್ಞಾನಿ ಎಲ್ಲಿ, ಶಾಸ್ತ್ರಿ ಎಲ್ಲಿ, ತರ್ಕ ಮಾಡೋನು ಎಲ್ಲಿ. ಆ ಕಾಲದ ಊರುಗಳಲ್ಲಿ ಭಾಷಣ ಮಾಡೋದೇ ಒಂದು ದೊಡ್ಡ ವೃತ್ತಿ. ಫೀಸು ತಗೊಂಡು ಕಲಿಸ್ತಿದ್ರು, ಶ್ರೀಮಂತರ ಮಕ್ಕಳು ಕಲೀತಿದ್ರು, ಯಾವ ಗುರುವಿನ ಶಿಷ್ಯ ಅನ್ನೋದರ ಮೇಲೆ ಹೊಡೆದಾಟ. 'ಸೊಫಿಯ', ಅಂದ್ರೆ ಜ್ಞಾನ ಅನ್ನೋ ಪದಕ್ಕೆ ಅಲ್ಲಿ ಈ ವಾಸನೆ ಅಂಟಿತ್ತು. ಲೋಕದ ಜ್ಞಾನ ಅಂದ್ರೆ ಮನುಷ್ಯರನ್ನ ತೂಗೋ ಒಂದು ತಕ್ಕಡಿ. ಯಾರು ದೊಡ್ಡೋರು, ಯಾರ ಮಾತಿಗೆ ಬೆಲೆ, ಯಾರನ್ನ ಮುಂದಿನ ಚೇರಲ್ಲಿ ಕೂರಿಸ್ಬೇಕು, ಯಾರನ್ನ ಬಾಗಿಲಾಚೆ ನಿಲ್ಲಿಸ್ಬೇಕು ಅನ್ನೋ ಲೆಕ್ಕ. ಈ ತಕ್ಕಡಿ ಹಿಡ್ಕೊಂಡು ದೇವರನ್ನೂ ತೂಗೋಕೆ ಹೋದ್ರು, ಅದಕ್ಕೇ ಶಿಲುಬೆ ಮೇಲಿರೋ ದೇವರು ಅವರ ಲೆಕ್ಕಕ್ಕೇ ಬರ್ಲಿಲ್ಲ.

ಪಿಎಚ್‌ಡಿ ಮಾಡಿದವರಲ್ಲಿ ಈ ತಕ್ಕಡಿ ಇಲ್ಲದೇ ಇರಬಹುದು, ಅಕ್ಷರ ಬರದವರ ಕೈಯಲ್ಲಿ ಇರಬಹುದು. ಸಭೆಗಳಲ್ಲಂತೂ ಇದೆ, ನಾನೇ ನೋಡಿದೀನಿ.

ಶಿಲುಬೆ ಆಗಿನ ಜನಕ್ಕೆ ಅಷ್ಟು 'ಹುಚ್ಚು' ಅಂತ ಯಾಕನಿಸ್ತು? ಈಗ ನೋಡಿದ್ರೆ ಹಾಗೇನೂ ಅನ್ಸಲ್ವಲ್ಲ.

ಈಗ ಅನ್ಸಲ್ಲ ಯಾಕಂದ್ರೆ ನಾವು ಅದನ್ನ ಚಿನ್ನದಲ್ಲಿ ಮಾಡಿಸಿ ಕುತ್ತಿಗೆಗೆ ಹಾಕ್ಕೊಂಡಿದೀವಿ, ಚರ್ಚ್ ಗೋಪುರದ ಮೇಲೆ ಸೀರಿಯಲ್ ಲೈಟ್ ಬಿಟ್ಟಿದೀವಿ. ಆಗ ಅದು ಗುಲಾಮರನ್ನ, ದಂಗೆ ಎದ್ದವರನ್ನ, ಯಾರೂ ಕೇಳೋರಿಲ್ಲದವರನ್ನ ಕೊಲ್ಲೋ ಸಾಧನ. ರೋಮನ್ ಪ್ರಜೆಗೆ ಸಾಮಾನ್ಯವಾಗಿ ಆ ಶಿಕ್ಷೆ ಕೊಡ್ತಿರಲಿಲ್ಲ. ಬಟ್ಟೆ ಬಿಚ್ಚಿ, ಜನ ಓಡಾಡೋ ದಾರಿ ಪಕ್ಕದಲ್ಲಿ ನಿಲ್ಲಿಸ್ತಿದ್ರು, ನೋಡಿದವರಿಗೆ ಪಾಠ ಆಗಲಿ ಅಂತ. ಸ್ಪಾರ್ಟಕಸ್ ದಂಗೆ ಮುರಿದಾಗ, ಕ್ರಿ.ಪೂ. 71ರಲ್ಲಿ, ಕಪುವಾ ಊರಿಂದ ರೋಮ್‌ವರೆಗೂ ರಸ್ತೆಯುದ್ದಕ್ಕೂ ಸುಮಾರು 6,000 ಜನರನ್ನ ಹೀಗೆ ನೇತು ಹಾಕಿದ್ರು. ಆ ರಸ್ತೆಯಲ್ಲಿ ಆವತ್ತು ಮಗು ಕೈ ಹಿಡ್ಕೊಂಡು ನಡೆದು ಹೋದ ತಾಯಿ ಏನ್ಮಾಡಿರಬಹುದು, ಮಗುವಿನ ಕಣ್ಣು ಮುಚ್ಚಿರಬೇಕು.

ಸಿಸೆರೋ ಅನ್ನೋ ದೊಡ್ಡ ವಕೀಲ ಕ್ರಿ.ಪೂ. 63ರಲ್ಲಿ ಕೋರ್ಟಲ್ಲಿ ವಾದ ಮಾಡ್ತಾ, ಶಿಲುಬೆ ಅನ್ನೋ ಪದ ಕೂಡ ರೋಮನ್ ಪ್ರಜೆಯ ಕಣ್ಣು ಕಿವಿ ಯೋಚನೆಗಳಿಂದ ದೂರ ಇರಬೇಕು ಅಂದಿದಾನೆ. ಮರ್ಯಾದಸ್ಥರು ಊಟಕ್ಕೆ ಕೂತಾಗ ಎತ್ತಬಾರದ ಮಾತು ಅದು. ಈಗ ಒಬ್ಬ ಡೇರೆ ಹೊಲಿಯೋನು ಬಂದು, ಹಾಗೆ ಸತ್ತವನೇ ಲೋಕದ ಕರ್ತ, ಅವನಿಗೆ ಮೊಣಕಾಲೂರಿ ಅಂದ್ರೆ? ಹುಚ್ಚು ಅನ್ನದೆ ಇನ್ನೇನಂತಾರೆ.

ಎರಡು ವಸ್ತು ಬಗ್ಗೆ ಹೇಳ್ಬೇಕು.

ಒಂದು ಗೋಡೆ ಮೇಲಿನ ಗೀಚು. ರೋಮ್‌ನ ಪಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ತು. ಶಿಲುಬೆ ಮೇಲೆ ಒಬ್ಬ ಮನುಷ್ಯ, ತಲೆ ಮಾತ್ರ ಕತ್ತೆದು. ಕೆಳಗೆ ಒಬ್ಬ ಹುಡುಗನೋ ಯುವಕನೋ ಕೈ ಎತ್ತಿ ನಿಂತಿದಾನೆ. ಪಕ್ಕದಲ್ಲಿ ಸೊಟ್ಟಂಬಟ್ಟ ಗ್ರೀಕ್ ಅಕ್ಷರದಲ್ಲಿ, 'ಅಲೆಕ್ಸಮೆನೊಸ್ ತನ್ನ ದೇವರನ್ನ ಪೂಜಿಸ್ತಾನೆ.' ಯಾರೋ ಜೊತೆಗಾರರು ಅವನನ್ನ ಗೇಲಿ ಮಾಡಿ ಗೀಚಿದ್ದು. ಯೇಸು ಶಿಲುಬೆಯಲ್ಲಿರೋ ಹಾಗೆ ನಮಗೆ ಸಿಕ್ಕಿರೋ ತೀರಾ ಹಳೇ ಚಿತ್ರಗಳಲ್ಲಿ ಇದೂ ಒಂದು, ಮತ್ತೆ ಅದು ಬರೆದಿದ್ದು ಭಕ್ತನಲ್ಲ. ಅಲೆಕ್ಸಮೆನೊಸ್ ಅದನ್ನ ದಿನಾ ನೋಡ್ಕೊಂಡು ಕೆಲಸಕ್ಕೆ ಹೋಗ್ತಿದ್ನೋ ಏನೋ.

ಇನ್ನೊಂದು, ಶಿಲುಬೆಗೆ ಹಾಕಿದ ಒಬ್ಬನ ಮೂಳೆ. ಯೆರೂಸಲೇಮ್ ಹತ್ರ 1968ರಲ್ಲಿ ಒಂದು ಗೋರಿ ತೆಗೆದಾಗ, ಯೆಹೋಹನಾನ್ ಅಂತ ಹೆಸರು ಬರೆದಿದ್ದ ಕಲ್ಲಿನ ಪೆಟ್ಟಿಗೆಯಲ್ಲಿ ಒಂದು ಹಿಮ್ಮಡಿ ಮೂಳೆ ಸಿಕ್ತು, ಅದರೊಳಗೆ ಕಬ್ಬಿಣದ ಮೊಳೆ ಹಾಗೇ ಇತ್ತು. ಮೊಳೆಯ ತುದಿ ಬಾಗಿದೆ. ಅವನ ಮನೆಯವರು ಅದನ್ನ ಕೀಳೋಕಾಗದೆ ಹಾಗೇ ಮಣ್ಣು ಮಾಡಿರಬೇಕು. ಅದರ ಫೋಟೋ ನೋಡಿ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಶುಭ ಶುಕ್ರವಾರ ಎಷ್ಟೋ ಪ್ರಸಂಗ, ಅಂದ್ರೆ ಚರ್ಚಿನ ಉಪದೇಶ, ಕೇಳಿದ್ದೆ, ಒಂದು ಹಿಮ್ಮಡಿ ಇಷ್ಟು ಮಾತಾಡಿರಲಿಲ್ಲ.

ಯೆಹೂದ್ಯರಿಗೆ ಇದು 'ಎಡವುವ ಕಲ್ಲು' ಅಂತ ಯಾಕೆ?

ಯೆಹೂದ್ಯರ ಧರ್ಮಗ್ರಂಥದಲ್ಲಿರೋ ಧರ್ಮೋಪದೇಶಕಾಂಡ 21ರಲ್ಲಿ, ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಒಳಗಾದವನು ಅಂತಿದೆ. ಮೆಸ್ಸೀಯ ಬಂದು ರೋಮನ್ನರ ಕೈಯಿಂದ ಬಿಡಿಸ್ತಾನೆ ಅಂತ ಕಾಯ್ತಿದ್ದ ಜನಕ್ಕೆ, ರೋಮನ್ನರ ಮೊಳೆಯಲ್ಲೇ ಸತ್ತವನು ಮೆಸ್ಸೀಯ ಅಂದ್ರೆ ಹೇಗೆ ಒಪ್ಪೋದು. ಇದು ಮೊಂಡುತನ ಅಲ್ಲ, ಅವರು ವಾಕ್ಯವನ್ನ ಸೀರಿಯಸ್ಸಾಗಿ ತಗೊಂಡಿದ್ರಿಂದಲೇ ಹುಟ್ಟಿದ ಕಷ್ಟ. ಪೌಲನಿಗೂ ಮೊದಲು ಅದೇ ಕಷ್ಟ ಆಗಿರಬೇಕು. ಆಮೇಲೆ ಗಲಾತ್ಯದವರಿಗೆ ಬರೀತಾ ಅದೇ ವಚನ ಎತ್ಕೊಂಡು, ಹೌದು ಶಾಪವೇ, ನಮ್ಮ ಶಾಪವನ್ನ ಆತ ಹೊತ್ಕೊಂಡ ಅಂತಾನೆ.

ಒಂದು ಮಾತು ಸೇರಿಸ್ಲೇಬೇಕು. ಇಂಥ ವಚನಗಳನ್ನ ಹಿಡ್ಕೊಂಡು ಶತಮಾನಗಟ್ಟಲೆ ಕ್ರೈಸ್ತರು ಯೆಹೂದ್ಯರನ್ನ ಹಿಂಸೆ ಮಾಡಿದಾರೆ. ಅದು ಪಾಪ. ಯೇಸು ಯೆಹೂದ್ಯ, ಮರಿಯಳು ಯೆಹೂದ್ಯಳು, ಪೌಲ ಯೆಹೂದ್ಯ, ನನ್ನ ಜನಕ್ಕೋಸ್ಕರ ನಾನೇ ಶಾಪಗ್ರಸ್ತನಾದ್ರೂ ಸರಿ ಅಂತ ರೋಮಾಪುರದವರಿಗೆ ಬರೆದವನು ಅವನು.

ಪೌಲ ಅಥೆನ್ಸಲ್ಲಿ ತರ್ಕ ಮಾಡಿ ಫೇಲ್ ಆದ, ಅದಕ್ಕೆ ಕೊರಿಂಥಕ್ಕೆ ಬಂದು ಸ್ಟೈಲ್ ಬದಲಾಯಿಸಿದ ಅಂತಾರಲ್ಲ?

ಪ್ರಸಂಗಗಳಲ್ಲಿ ತುಂಬಾ ಕೇಳಿರ್ತೀರಿ. ನಂಗೆ ಒಪ್ಪಿಗೆ ಇಲ್ಲ. ಅಪೊಸ್ತಲರ ಕೃತ್ಯಗಳು 17 ಓದಿದ್ರೆ, ಅಥೆನ್ಸಿನಲ್ಲಿ ಎಪಿಕೂರಿಯರು, ಸ್ತೋಯಿಕರು ಅನ್ನೋ ಎರಡು ಪಂಥದ ತತ್ವಜ್ಞಾನಿಗಳು ಅವನನ್ನ ಮಾತಾಳಿ ಅಂತ ಆಡ್ಕೊಂಡ್ರು ನಿಜ, ಸತ್ತವರು ಎದ್ದು ಬರ್ತಾರೆ ಅಂದಾಗ ನಕ್ಕರು ನಿಜ. ಆದ್ರೆ ದಿಯೊನುಸ್ಯ, ದಾಮರಿ ಅನ್ನೋರು, ಇನ್ನೂ ಕೆಲವರು ನಂಬಿದ್ರು ಅಂತಾನೂ ಇದೆ. ಅದನ್ನ ಫೇಲ್ ಅಂತ ಬರೆದವನು ಲೂಕ ಅಲ್ಲ, ನಾವು. ಸಂಖ್ಯೆ ನೋಡಿ ಪಾಸು ಫೇಲು ಹೇಳೋದು ಮತ್ತದೇ ತಕ್ಕಡಿ.

ಹಾಗಾದ್ರೆ ಚೆನ್ನಾಗಿ ಮಾತಾಡೋದು, ಒಳ್ಳೆ ಪ್ರಸಂಗ ರೆಡಿ ಮಾಡೋದು ತಪ್ಪಾ?

ತಪ್ಪಲ್ಲ. ಅಪೊಲ್ಲೋಸ ಅಲೆಕ್ಸಾಂಡ್ರಿಯದವನು, ವಾಕ್ಚಾತುರ್ಯ ಇದ್ದವನು, ಪೌಲ ಅವನನ್ನ ಎಲ್ಲೂ ಬೈಯಲ್ಲ, ನಾನು ನೆಟ್ಟೆ ಅವನು ನೀರು ಹಾಕ್ದ ಅಂತಾನೆ. ಈ ಒಂದನೇ ಅಧ್ಯಾಯವೇ ಎಷ್ಟು ಚೆಂದ ಕಟ್ಟಿದ ಮಾತು ನೋಡಿ, ಜ್ಞಾನ ಹುಚ್ಚು, ಬಲ ಬಲಹೀನತೆ ಅಂತ ಅಲೆ ಅಲೆಯಾಗಿ ಬರುತ್ತೆ.

ಆದ್ರೆ ನನ್ನದೇ ಒಂದು ಅನುಭವ ಹೇಳ್ತೀನಿ. ಕೆಲವು ವರ್ಷದ ಹಿಂದೆ ಶುಭ ಶುಕ್ರವಾರ, ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತುಗಳಲ್ಲಿ ನಾಲ್ಕನೇದರ ಮೇಲೆ ಮಾತಾಡೋಕೆ ನಂಗೆ ಕೊಟ್ಟಿದ್ರು, 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ.' ಮೂರು ವಾರ ರೆಡಿ ಮಾಡಿದ್ದೆ. ಸ್ಲೈಡ್ಸ್ ಇತ್ತು, ಮೂಲ ಭಾಷೆ ಪದ ಇತ್ತು, 22ನೇ ಕೀರ್ತನೆ ಜೊತೆ ಹೋಲಿಕೆ ಇತ್ತು. ಮುಗಿದ್ಮೇಲೆ ಎಲ್ಲರೂ ಕೈ ಕುಲುಕಿ ಬಹಳ ಡೀಪಾಗಿತ್ತು ಅಂದ್ರು. ಚೇರ್ ಜೋಡಿಸ್ತಿದ್ದಾಗ, ಮನೆಗೆಲಸಕ್ಕೆ ಹೋಗೋ ಒಬ್ಬ ಅಕ್ಕ ಸೆರಗಲ್ಲಿ ಕೈ ಒರೆಸ್ಕೊಂಡು ಹತ್ರ ಬಂದ್ರು. ಅವರ ಮಗ ಹಿಂದಿನ ವರ್ಷ ತೀರ್ಕೊಂಡಿದ್ದ. 'ನಾನೂ ಹಂಗೇ ಕೂಗಿದ್ದೆ. ಆಸ್ಪತ್ರೆ ಮೆಟ್ಟಿಲ ಮೇಲೆ. ಹಂಗೆ ಕೂಗೋದು ಪಾಪ ಅಂದ್ಕೊಂಡಿದ್ದೆ. ಅವನೂ ಕೂಗಿದ್ದಾನಲ್ಲ' ಅಂದ್ರು. ಅಷ್ಟೇ, ಬಕೆಟ್ ತಗೊಂಡು ಹೋದ್ರು.

ನನ್ನ ಇಪ್ಪತ್ತು ನಿಮಿಷದಲ್ಲಿ ಆ ಮಾತು ಇರಲೇ ಇಲ್ಲ. ಶಿಲುಬೆಯ ಮಾತು ಅವರಿಗೆ ನನಗಿಂತ ಹತ್ರದಿಂದ ಗೊತ್ತಿತ್ತು. ನಾನು ಈಗಲೂ ರೆಡಿ ಮಾಡ್ಕೊಂಡೇ ಹೋಗ್ತೀನಿ, ಆದ್ರೆ ಕೊನೇಲಿ ಯಾರು ಕೈ ಕುಲುಕಿದ್ರು ಅಂತ ಎಣಿಸೋದು ಬಿಟ್ಟಿದೀನಿ, ಬಿಡೋಕೆ ಟ್ರೈ ಮಾಡ್ತಿದೀನಿ.

ದೇವರು ಬಲಹೀನರನ್ನ, ಕೀಳಾದವರನ್ನ ಆರಿಸ್ಕೊಂಡ ಅಂತಿದೆ. ಓದಿದವರಿಗೆ, ಅನುಕೂಲಸ್ಥರಿಗೆ ಜಾಗ ಇಲ್ವಾ?

26ನೇ ವಚನ ಸರಿಯಾಗಿ ನೋಡಿ. ಜ್ಞಾನಿಗಳು, ಅಧಿಕಾರದಲ್ಲಿರೋರು, ದೊಡ್ಡ ಕುಲದವರು 'ಬಹಳ ಜನ ಇಲ್ಲ' ಅಂತಾನೆ, ಯಾರೂ ಇಲ್ಲ ಅನ್ನಲ್ಲ. ಅದೇ ಸಭೆಯ ಕ್ರಿಸ್ಪ, ಯೆಹೂದ್ಯರ ಸಭಾಮಂದಿರದ ಅಧ್ಯಕ್ಷನಾಗಿದ್ದವನು. ಗಾಯನ ಮನೆಯಲ್ಲಿ ಇಡೀ ಸಭೆ ಸೇರ್ತಿತ್ತು, ಅಂದ್ರೆ ಮನೆ ದೊಡ್ಡದೇ ಇರಬೇಕು. ಎರಸ್ತ ಅನ್ನೋನು ಪಟ್ಟಣದ ಖಜಾನೆ ನೋಡ್ಕೊಳ್ತಿದ್ದ. 1929ರಲ್ಲಿ ಕೊರಿಂಥದಲ್ಲಿ, ಎರಸ್ತ ತನ್ನ ಖರ್ಚಲ್ಲಿ ನೆಲಹಾಸು ಹಾಕಿಸಿದ ಅನ್ನೋ ಶಾಸನ ಸಿಕ್ಕಿದೆ, ಅವನೇ ಇವನಾ ಅನ್ನೋದರ ಬಗ್ಗೆ ಪಂಡಿತರಲ್ಲಿ ಇನ್ನೂ ಚರ್ಚೆ ಇದೆ.

ಪ್ರಾಬ್ಲಮ್ ಎಲ್ಲಿ ಬಂತು ಅಂದ್ರೆ ಊಟದಲ್ಲಿ. 11ನೇ ಅಧ್ಯಾಯ ಓದಿ. ಯೇಸುವಿನ ನೆನಪಿಗೆ ಎಲ್ಲರೂ ಸೇರಿ ಮಾಡೋ ಕರ್ತನ ಭೋಜನಕ್ಕೆ ಅಂತ ಸೇರ್ತಾರೆ, ಅನುಕೂಲ ಇರೋರು ತಮ್ಮ ಊಟ ತಾವು ಮುಂಚೆ ತಿಂದು ಮುಗಿಸ್ತಾರೆ, ಕುಡಿದು ಮತ್ತೇರ್ತಾರೆ, ಇಲ್ಲದವರು ಹಸ್ಕೊಂಡಿರ್ತಾರೆ. ದಿನವಿಡೀ ಬಂದರಲ್ಲಿ ಮೂಟೆ ಹೊತ್ತ ಗುಲಾಮ ಕತ್ತಲಾದ್ಮೇಲೆ ಬಂದ್ರೆ ಅವನಿಗೆ ಉಳಿದಿರೋದು ಖಾಲಿ ತಟ್ಟೆ. ಪೌಲನಿಗೆ ಇಲ್ಲಿ ಬಂದಷ್ಟು ಸಿಟ್ಟು ಪತ್ರದಲ್ಲಿ ಬೇರೆ ಕಡೆ ಕಮ್ಮಿ. ಇಲ್ಲದವರನ್ನ ನಾಚಿಕೆಪಡಿಸ್ತೀರಾ, ದೇವರ ಸಭೆಯನ್ನ ತಿರಸ್ಕಾರ ಮಾಡ್ತೀರಾ ಅಂತ ಕೇಳ್ತಾನೆ. ಒಂದನೇ ಅಧ್ಯಾಯದ ಶಿಲುಬೆ ಹನ್ನೊಂದನೇ ಅಧ್ಯಾಯದ ಪಂಕ್ತಿಗೆ ಬಂದು ಕೂರುತ್ತೆ. ಪಂಕ್ತಿ ಅಂದ್ರೆ ಏನು, ಪಂಕ್ತಿಭೇದ ಅಂದ್ರೆ ಏನು ಅಂತ ನಮ್ಮೂರ ಕಡೆಯವರಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ಮ ಸಭೆಗಳಲ್ಲೂ ಜಾತಿ ನೋಡಿ ಸಂಬಂಧ ಮಾಡ್ತಾರೆ, ಮದುವೆ ಊಟದಲ್ಲಿ ಯಾರನ್ನ ಯಾವ ಸಾಲಲ್ಲಿ ಕೂರಿಸ್ಬೇಕು ಅಂತ ಪಿಸುಗುಟ್ಟುತ್ತಾರೆ. ಇದನ್ನ ಬರೆಯೋಕೆ ನೋವಾಗುತ್ತೆ, ಆದ್ರೆ ಮುಚ್ಚಿಟ್ರೆ ಈ ಭಾಗ ಓದಿ ಏನು ಪ್ರಯೋಜನ.

ಅಪ್ಪ ಮಗನನ್ನ ಬಲಿ ಕೊಟ್ಟ ಹಾಗಾಗ್ಲಿಲ್ವಾ? ಇದು ಕ್ರೂರ ಅಲ್ವಾ?

ದೇವರು ಒಂದು ಕಡೆ ಕೋಪದಿಂದ ಕೂತು, ಸಂಬಂಧ ಇಲ್ಲದ ಮೂರನೆಯವನನ್ನ ಹೊಡೆದು ಸಮಾಧಾನ ಆದ ಅಂತ ಹೇಳಿದ್ರೆ ಅದು ಕ್ರೂರವೇ. ಕೆಲವು ಪ್ರಸಂಗಗಳು ಹಾಗೇ ಕೇಳಿಸುತ್ತೆ, ಒಪ್ಕೊಳ್ತೀನಿ. ಆದ್ರೆ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಹೇಳೋದು, ದೇವರು ಕ್ರಿಸ್ತನಲ್ಲಿ ಇದ್ದು ಲೋಕವನ್ನ ತನ್ನ ಜೊತೆ ಸಮಾಧಾನ ಮಾಡ್ಕೊಳ್ತಿದ್ದ ಅಂತ. ದೇವರು ದೂರ ನಿಂತಿರಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು, ನನ್ನ ಪ್ರಾಣವನ್ನ ಯಾರೂ ಕಿತ್ಕೊಳ್ಳಲ್ಲ, ನಾನಾಗೇ ಕೊಡ್ತೀನಿ ಅಂತಾನೆ. ಇದರ ಆಳ ಪೂರ್ತಿ ನಂಗೆ ಸಿಕ್ಕಿದೆ ಅಂತ ಹೇಳಲ್ಲ.

ಶಿಲುಬೆ ಹೊತ್ಕೋ ಅಂತ ಹೇಳಿ, ಗಂಡ ಹೊಡೆದ್ರೂ ಸಹಿಸ್ಕೋ ಅಂತಾರೆ. ಇದು ಸರಿನಾ?

ಸರಿಯಲ್ಲ. ಇದು ಶಿಲುಬೆಯ ಮಾತನ್ನ ತಲೆಕೆಳಗು ಮಾಡೋದು. ಯೇಸು ತಾನಾಗಿ ಹೊತ್ತಿದ್ದನ್ನ, ಬಲ ಇರೋನು ಬಲ ಇಲ್ಲದವಳ ಹೆಗಲ ಮೇಲೆ ಹೇರೋದು. ಮೊಳೆ ಹೊಡೆದ ಸೈನಿಕನ ಕೆಲಸಕ್ಕೆ ದೇವರ ಹೆಸರು ಇಡೋದು. ನೀವು ಅಂಥ ಮನೆಯಲ್ಲಿದ್ರೆ ದಯವಿಟ್ಟು ಹೊರಗೆ ಬನ್ನಿ, ನಂಬಿಕಸ್ತರಿಗೆ ಹೇಳಿ, ಪೊಲೀಸ್ ಹೆಲ್ಪ್ ತಗೊಳ್ಳಿ, 181 ಮಹಿಳಾ ಸಹಾಯವಾಣಿ ಇದೆ. ಹಾಗೆ ಹೊರಗೆ ಬಂದವರನ್ನ ನಂಬಿಕೆ ಇಲ್ಲದವಳು ಅಂತ ಯಾವ ಸಭೆಯೂ ಅನ್ನಬಾರದು.

ನಂಬಿದ್ರೆ ಸಾಲ ತೀರುತ್ತೆ, ಕಾರ್ ಬರುತ್ತೆ, ವೀಸಾ ಸಿಗುತ್ತೆ ಅನ್ನೋ ಬೋಧನೆ?

ನಂಬಿದವರಿಗೆ ಕೆಲಸ ಸಿಕ್ರೆ ನಾನೂ ಸ್ತೋತ್ರ ಹೇಳ್ತೀನಿ. ಬೇಡ್ಕೊಳ್ಳೋದೂ ತಪ್ಪಲ್ಲ, ದಿನದ ರೊಟ್ಟಿ ಕೇಳಿ ಅಂತ ಕಲಿಸಿದ್ದು ಯೇಸುನೇ. ಆದ್ರೆ ಅದನ್ನೇ ಸುವಾರ್ತೆ ಅಂತ ಮಾರಿದ್ರೆ ಪೌಲನನ್ನೇ ಮೊದಲು ಸಭೆಯಿಂದ ಆಚೆ ಹಾಕ್ಬೇಕಾಗುತ್ತೆ. 'ಶರೀರದ ಮುಳ್ಳು' ಅಂತ ಅವನು ಕರೆದ ಕಷ್ಟ ಹೋಗ್ಲಿಲ್ಲ, ಮೂರು ಸಲ ಬೇಡ್ಕೊಂಡ. ಸಿಕ್ಕಿದ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು, ಬಲಹೀನತೆಯಲ್ಲೇ ನನ್ನ ಬಲ ಪೂರ್ಣ ಆಗುತ್ತೆ ಅಂತ. ಕೊರಿಂಥದವರು ಅವನನ್ನ, ಪತ್ರ ಏನೋ ಜೋರು, ಆಳು ನೋಡಿದ್ರೆ ಏನೂ ಇಲ್ಲ, ಮಾತೂ ಬರಲ್ಲ ಅಂತ ಆಡ್ಕೊಂಡಿದ್ರು. ಅವರ ಹತ್ರ ಸಂಬಳವೂ ತಗೊಳ್ಳದೆ ರಾತ್ರಿ ಹಗಲು ಡೇರೆ ಹೊಲೀತಿದ್ದ.

'ಶಿಲುಬೆಯ ದೇವತಾಶಾಸ್ತ್ರ' ಅಂತ ಲೂಥರ್ ಹೇಳಿದ್ದು ಇದೇನಾ?

ಹೌದು, ಬೇರು ಇದೇ ಭಾಗ. 1518ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಡೆದ ಚರ್ಚೆಗೆ, ಜರ್ಮನಿಯ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ ಬರೆದ ಸೂತ್ರಗಳಲ್ಲಿ, ಮಹಿಮೆಯ ಹಿಂದೆ ಹೋಗೋ ಬೋಧಕ ಕೆಟ್ಟದ್ದನ್ನ ಒಳ್ಳೇದು, ಒಳ್ಳೇದನ್ನ ಕೆಟ್ಟದ್ದು ಅಂತಾನೆ, ಶಿಲುಬೆಯ ಬೋಧಕ ಇರೋದನ್ನ ಇರೋ ಹಾಗೇ ಹೇಳ್ತಾನೆ ಅನ್ನೋ ಅರ್ಥದ ಮಾತಿದೆ. ಸಾಕು ಇಷ್ಟು, ಇದರ ಬಗ್ಗೆ ಬೇರೆಯಾಗೇ ಬರೀಬೇಕು.

ಎಲ್ಲಾ ಓದಿದೆ. ನಂಗೆ ಇನ್ನೂ ಹುಚ್ಚು ಅಂತಾನೇ ಅನ್ಸುತ್ತೆ. ಏನ್ಮಾಡ್ಲಿ?

ಹಾಗನ್ಸಿದ್ರೆ ನೀವು ಮಾತನ್ನ ಸರಿಯಾಗೇ ಕೇಳಿಸ್ಕೊಂಡಿದೀರಿ ಅಂತ ಅರ್ಥ, ಬೇಜಾರಿಲ್ಲ. ವಾದದಲ್ಲಿ ಸೋಲಿಸಿ ನಿಮ್ಮನ್ನ ಒಪ್ಪಿಸೋಕೆ ನನ್ನ ಕೈಲಾಗಲ್ಲ, ಹಾಗೆ ಒಪ್ಪಿಸಿದ್ರೆ ಪೌಲ ಬೇಡ ಅಂದಿದ್ದನ್ನೇ ಮಾಡಿದ ಹಾಗಾಗುತ್ತೆ. ಒಂದು ಕೇಳ್ಕೋತೀನಿ. ಮಾರ್ಕನ ಸುವಾರ್ತೆ 15ನೇ ಅಧ್ಯಾಯ ಒಂದೇ ಸಲಕ್ಕೆ, ಜೋರಾಗಿ, ಕನ್ನಡದಲ್ಲಿ ಓದಿ, ಹತ್ತು ನಿಮಿಷ ಸಾಕು. ಅಲ್ಲಿ ಹೊಲದ ಕಡೆಯಿಂದ ಬರ್ತಿದ್ದ ಕುರೇನದ ಸೀಮೋನನನ್ನ ಹಿಡಿದು ಶಿಲುಬೆ ಹೊರಿಸ್ತಾರೆ. ಹಾದು ಹೋಗೋರು ತಲೆ ಅಲ್ಲಾಡಿಸಿ ಬೈತಾರೆ. ಇತರರನ್ನ ರಕ್ಷಿಸಿದ, ತನ್ನನ್ನ ತಾನು ರಕ್ಷಿಸ್ಕೊಳ್ಳಲಾರ ಅಂತ ದೊಡ್ಡೋರೆಲ್ಲ ನಗ್ತಾರೆ. ಶಿಷ್ಯರು ಯಾರೂ ಕಾಣಲ್ಲ, ಹೆಂಗಸರು ದೂರದಲ್ಲಿ ನಿಂತು ನೋಡ್ತಿರ್ತಾರೆ. ಆತ ಪ್ರಾಣ ಬಿಟ್ಟಾಗ, 'ನಿಜವಾಗಿ ಈ ಮನುಷ್ಯ ದೇವರ ಮಗನೇ' ಅನ್ನೋನು ಎದುರಿಗೆ ನಿಂತಿದ್ದ ರೋಮನ್ ಶತಾಧಿಪತಿ, ಆವತ್ತು ಅಲ್ಲಿ ಕೊಲ್ಲೋ ಡ್ಯೂಟಿಗೆ ಬಂದಿದ್ದವನು.